ತಿಳಿನೀರಿನ ಸಾಕ್ಷಿ

1994ನೆಯ ಇಸವಿಯ ಬೇಸಗೆಯ ಒಂದು ಮಧ್ಯಾಹ್ನ, ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಒಂದು ಜೂನಿಯರ್ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಿಂತು ನಾನೊಬ್ಬ ಮುದುಕಿಗೆ ಒಂದು ಮಾತು ಹೇಳಿದೆ. ಆಕೆ ನಮ್ಮ ಕಾಲೇಜಿನ ಜವಾನನ ತಾಯಿ. ತಮ್ಮೂರಿನಲ್ಲಿ ಹೊಸದಾಗಿ ಹಾಕಿಸಿದ ಬೋರಿನ ನೀರನ್ನು ಒಂದು ಸೀಸೆಯಲ್ಲಿ ತುಂಬಿ, ಸೆರಗಿನಲ್ಲಿ ಸುತ್ತಿಕೊಂಡು, ಮಗನ ಹಿಂದೆ ಎರಡು ಹರದಾರಿ ನಡೆದು ಬಂದಿದ್ದಳು. “ಈ ನೀರು ಚಲೋ ಅದಾವೇನ್ರಿ ಮಾಸ್ತರ?” ಎಂದು ಕೇಳಿದಳು. ಊರಿನ ಹಳೆಯ ಬಾವಿಯ ನೀರು ಸವುಳು, ಇದು ಸಿಹಿ. ಸಿಹಿಯಾದ ನೀರಿನ ಮೇಲೆ ಆಕೆಗೆ ಏಕೆ ಅನುಮಾನ ಬಂತೋ ನಾನು ಕೇಳಲಿಲ್ಲ.

ಆಗ ನನಗೆ ವಯಸ್ಸು ಇಪ್ಪತ್ತೆಂಟು. ರಸಾಯನಶಾಸ್ತ್ರದ ಮೇಲೆ ಭಕ್ತಿಯೂ ನನ್ನ ಮೇಲೆ ವಿಶ್ವಾಸವೂ ಹೇರಳವಾಗಿದ್ದ ಕಾಲ. ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿಕೊಂಡು ಆ ನೀರನ್ನು ಕ್ರಮವಾಗಿ ಪರೀಕ್ಷಿಸಿದೆ. ಸಾಬೂನು ಚೆನ್ನಾಗಿ ನೊರೆಯಾಯಿತು. ಸಿಲ್ವರ್ ನೈಟ್ರೇಟ್ ಹನಿಸಿದಾಗ ತುಸು ಬಿಳಿಚಿತು, ಅಷ್ಟೆ. ಕೊನೆಗೆ, ಹುಡುಗರಿಗೆ ಪಾಠವೂ ಆಗಲೆಂದು, ನೀರಿಗೆ ಆಮ್ಲ ಬೆರೆಸಿ ಕಿಪ್ ಉಪಕರಣದಿಂದ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹಾಯಿಸಿದೆ. ಕೊಳೆತ ಮೊಟ್ಟೆಯ ನಾತಕ್ಕೆ ಮುದುಕಿ ಮೂಗು ಮುಚ್ಚಿಕೊಂಡಳು. ಸೀಸವಿದ್ದರೆ ಕಪ್ಪು, ಪಾಷಾಣವಿದ್ದರೆ ಹಳದಿ ಗಸಿ ಕಾಣಿಸಿಕೊಳ್ಳಬೇಕು. ಪ್ರನಾಳ ಸ್ಫಟಿಕದಂತೆ ತಿಳಿಯಾಗಿಯೇ ಉಳಿಯಿತು. “ಚಲೋ ನೀರು ಅವ್ವಾ, ಧಾರಾಳವಾಗಿ ಕುಡೀರಿ” ಎಂದೆ. ಆಕೆ ಕೈಮುಗಿದಳು. ಮುಗಿದ ಆ ಕೈಗಳ ಅಂಗೈಯಲ್ಲಿ ಜೋಳದ ನುಚ್ಚನ್ನು ಅಂಟಿಸಿದಂತೆ ಸಣ್ಣ ಸಣ್ಣ ಗಂಟುಗಳಿದ್ದುವು. ಕೂಲಿ ಮಾಡಿದ ಕೈ, ಜಡ್ಡುಗಟ್ಟಿದೆ ಎಂದುಕೊಂಡೆ.

ಆ ಸೀಮೆಯ ನೆಲದ ಬಗ್ಗೆ ನನಗೆ ಆಗಲೇ ಸಾಕಷ್ಟು ತಿಳಿದಿತ್ತು. ತಿಳಿದುದನ್ನು ಕೂಡಿಸಿ ನೋಡಲಿಲ್ಲ, ಅಷ್ಟೆ. ಹಟ್ಟಿಯ ಚಿನ್ನದ ಗಣಿ ಅಲ್ಲಿಗೆ ದೂರವಲ್ಲ. ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು 1915ರಲ್ಲಿ ಕಂಡುಹಿಡಿದವನು ಪುರಾತತ್ತ್ವಜ್ಞನಲ್ಲ, ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರ್. ಪ್ರಾಚೀನರು ಬಂಡೆಯನ್ನು ಕೊರೆದು ಹೊನ್ನು ತೆಗೆದ ನಾಡು ಅದು. ಆದರೆ ಅಲ್ಲಿ ಹೊನ್ನು ಒಂಟಿಯಾಗಿ ವಾಸಿಸುವುದಿಲ್ಲ. ಆರ್ಸೆನೊಪೈರೈಟ್ ಎಂಬ, ಕಬ್ಬಿಣ ಗಂಧಕ ಪಾಷಾಣಗಳು ಕೂಡಿದ ಖನಿಜ ಅದರ ನೆರೆಮನೆಯದು. ಗಾಳಿ ನೀರು ತಗುಲಿದ ಈ ಖನಿಜ ನಿಧಾನವಾಗಿ ಕರಗುತ್ತದೆ. ಕರಗಿದ ಪಾಷಾಣ ಬಂಡೆಯ ಬಿರುಕುಗಳಲ್ಲಿ ಹರಿದು ಕೊಳವೆಬಾವಿಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. (ಪಾಷಾಣ ಅಪ್ಪಟ ಲೋಹವಲ್ಲ, ಉಪಧಾತು, ಎಂದು ನನ್ನ ವಿದ್ಯಾರ್ಥಿಗಳು ಯಾರಾದರೂ ಇದನ್ನೋದಿ ತಿದ್ದಬಹುದು. ಸರಿಯೆ. ಆದರೆ ನೀರಿನ ವಿಷಗಳನ್ನು ಲೆಕ್ಕ ಹಾಕುವವರು ಸೀಸ, ಪಾದರಸ, ಕ್ಯಾಡ್ಮಿಯಂಗಳ ಪಂಕ್ತಿಯಲ್ಲೇ ಅದಕ್ಕೂ ಎಲೆ ಹಾಕುತ್ತಾರೆ.)

2013ರಲ್ಲಿ ಒಂದು ವರದಿ ನನ್ನ ಕೈಸೇರಿತು. ಈಗಿನ ಯಾದಗಿರಿ ಜಿಲ್ಲೆಯಲ್ಲಿ ಮಂಗಳೂರು ಎಂಬ ಊರಿದೆ, ಕರಾವಳಿಯ ಮಂಗಳೂರಲ್ಲ. ಅಲ್ಲಿಯೂ ಹಿಂದೆ ಚಿನ್ನದ ಗಣಿಯಿತ್ತು. ಅದರ ಹತ್ತಿರದ ಕಿರದಳ್ಳಿ ತಾಂಡಾದ ಸುತ್ತಿನ ನೀರನ್ನೂ ಜನರನ್ನೂ ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಯವರೂ ಅವರ ಸಂಗಡಿಗರೂ ಪರೀಕ್ಷಿಸಿದ್ದರು. ಲೀಟರಿಗೆ 10 ಮೈಕ್ರೋಗ್ರಾಂ ಪಾಷಾಣವೆಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗಡಿ. 59 ಕೊಳವೆಬಾವಿಗಳ ಪೈಕಿ ನೂರಕ್ಕೆ 79ರಷ್ಟು ಆ ಗಡಿಯನ್ನು ದಾಟಿದ್ದುವು; ಅತಿ ಹೆಚ್ಚಿನದು 303 ಮೈಕ್ರೋಗ್ರಾಂ. ಪರೀಕ್ಷಿಸಿದ 181 ಜನರಲ್ಲಿ ನೂರಕ್ಕೆ 58.6ರಷ್ಟು ಮಂದಿಯ ಚರ್ಮದ ಮೇಲೆ ಪಾಷಾಣದ ಗುರುತುಗಳು ಕಂಡವು. ಗುರುತೆಂದರೆ ಏನು? ಮೈಮೇಲೆ ಕಪ್ಪು ಬಿಳಿ ಚುಕ್ಕೆಗಳು. ಅಂಗೈ ಅಂಗಾಲುಗಳಲ್ಲಿ ನುಚ್ಚಿನಂಥ ಗಂಟುಗಳು.

ಓದುತ್ತ ಆ ಸಾಲಿಗೆ ಬಂದಾಗ ಪುಟವನ್ನು ಮಡಿಸಿಟ್ಟು ಹೊರಗೆ ಹೋಗಿ ನಿಂತೆ.

303 ಮೈಕ್ರೋಗ್ರಾಂ ಎಂದರೆ ಎಷ್ಟು? ಹತ್ತು ಲೀಟರಿನ ಒಂದು ಕೊಡದಲ್ಲಿ ಸುಮಾರು ಒಂದು ಎಳ್ಳಿನ ಕಾಳಿನ ತೂಕ. 10 ಮೈಕ್ರೋಗ್ರಾಮಿನ ಗಡಿಯೆಂದರೆ ಅದೇ ಒಂದು ಎಳ್ಳುಕಾಳು ಮೂವತ್ತು ಕೊಡ ನೀರಿನಲ್ಲಿ. ನನ್ನ ಕಿಪ್ ಉಪಕರಣಕ್ಕೆ, ನನ್ನ ಬರಿಗಣ್ಣಿಗೆ ಇದು ಎಟುಕುವ ಮಾತೇ ಅಲ್ಲ. ಆ ದಿನ ಪ್ರನಾಳ ನನಗೆ ಹೇಳಿದ್ದು “ನನಗೆ ಕಾಣಲಿಲ್ಲ” ಎಂದು. ನಾನು ಮುದುಕಿಗೆ ಹೇಳಿದ್ದು “ಇಲ್ಲ” ಎಂದು. ಈ ಎರಡರ ನಡುವಣ ಅಂತರವನ್ನು ನಾನು ಎಂಟು ವರ್ಷ ಓದಿಯೂ ಕಲಿತಿರಲಿಲ್ಲ.

ಜವಾನನಿಗೆ ಕಾಗದ ಬರೆದೆ. ಉತ್ತರ ಬಂತು. ತಾಯಿ ತೀರಿಕೊಂಡು ಆರು ವರ್ಷವಾಯಿತು. ಆ ಬೋರು ಅದಕ್ಕೂ ಮುಂಚೆಯೇ ಬತ್ತಿ ಮುಚ್ಚಿಹೋಗಿದೆ. ತಮಗೆ ದೇವರ ದಯದಿಂದ ಕ್ಷೇಮ. ಯಾವ ಕಾಯಿಲೆಯೆಂದು ಅವನು ಬರೆದಿರಲಿಲ್ಲ, ನಾನೂ ಮತ್ತೆ ಕೇಳುವ ಧೈರ್ಯ ಮಾಡಲಿಲ್ಲ.

ನನ್ನಂತೆ ಹೈಡ್ರೋಜನ್ ಸಲ್ಫೈಡನ್ನು ನಂಬಿ ಕೆಟ್ಟವರು ಚರಿತ್ರೆಯಲ್ಲಿ ಇನ್ನೊಬ್ಬರಿದ್ದಾರೆ. 1833ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಬಾಡ್ಲ್ ಎಂಬಾತ ತನ್ನ ಅಜ್ಜನಿಗೆ ಕಾಫಿಯಲ್ಲಿ ಪಾಷಾಣ ಹಾಕಿದನೆಂಬ ಮೊಕದ್ದಮೆ ನಡೆಯಿತು. ಜೇಮ್ಸ್ ಮಾರ್ಷ್ ಎಂಬ ರಸಾಯನಜ್ಞ ಅದೇ ಅನಿಲವನ್ನು ಹಾಯಿಸಿ ಹಳದಿ ಗಸಿಯನ್ನು ತೆಗೆದ. ಆದರೆ ನ್ಯಾಯಾಲಯದಲ್ಲಿ ತೋರಿಸುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು. ಜ್ಯೂರಿ ಆರೋಪಿಯನ್ನು ಬಿಟ್ಟಿತು. ಮಾರ್ಷ್ ಕೆರಳಿ ಕೆಲವೇ ವರ್ಷಗಳಲ್ಲಿ, 1836ಕ್ಕೆ, ಹೊಸ ವಿಧಾನವನ್ನೇ ಪ್ರಕಟಿಸಿದ: ಸತುವನ್ನೂ ಆಮ್ಲವನ್ನೂ ಕೂಡಿಸಿ ಪಾಷಾಣವನ್ನು ಆರ್ಸೀನ್ ಅನಿಲವಾಗಿಸಿ, ಕಾಯಿಸಿ, ಗಾಜಿನ ಮೇಲೆ ಕನ್ನಡಿಯಂಥ ಕಪ್ಪು ಲೇಪವಾಗಿ ಹಿಡಿಯುವುದು. ಬಂಗಾಳದ ಹಳ್ಳಿಗಳಲ್ಲಿ ನೀರನ್ನು ಪರೀಕ್ಷಿಸಿದ ಪೆಟ್ಟಿಗೆಗಳೂ ಆ ವಂಶದವೇ. ಅನಿಲ ಪಾದರಸದ ಬ್ರೋಮೈಡ್ ಸವರಿದ ಕಾಗದಕ್ಕೆ ತಗುಲಿ ಹಳದಿಯಿಂದ ಕಂದಿನವರೆಗೆ ಕಲೆ ಮಾಡುತ್ತದೆ. ಬಾಂಗ್ಲಾದೇಶದಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಹೀಗೆ ಸುಮಾರು 50 ಲಕ್ಷ ಕೊಳವೆಬಾವಿಗಳನ್ನು ಪರೀಕ್ಷಿಸಿ, ಕೆಟ್ಟವಕ್ಕೆ ಕೆಂಪು, ಒಳ್ಳೆಯವಕ್ಕೆ ಹಸುರು ಬಣ್ಣ ಬಳಿದರು. ಕೆಂಪಾದುವು ಸುಮಾರು 14 ಲಕ್ಷ. ಉಪಕಾರ ದೊಡ್ಡದು. ಆದರೆ ಒಂದು ವಿಷವನ್ನು ಹುಡುಕಲು ಇನ್ನೊಂದು ವಿಷವನ್ನು ಕಾಗದಕ್ಕೆ ಸವರಿ, ಮಧ್ಯೆ ಮೂರನೆಯ ವಿಷಾನಿಲವನ್ನು ಹುಟ್ಟಿಸುವ ಪರೀಕ್ಷೆಯನ್ನು ಹಳ್ಳಿಯ ಶಾಲೆಯ ಹುಡುಗರ ಕೈಗೆ ಕೊಡಲು ನನ್ನ ಮನಸ್ಸು ಒಪ್ಪದು. ಸೂಕ್ಷ್ಮವಾಗಿ ಅಳೆಯುವ ದೊಡ್ಡ ಯಂತ್ರಗಳಿವೆ; ಅವು ನಗರಗಳಲ್ಲಿವೆ, ನೀರು ಹಳ್ಳಿಗಳಲ್ಲಿದೆ.

ಕಳೆದ ಮಳೆಗಾಲದಲ್ಲಿ ಬೆಂಗಳೂರಿಗೆ ಹೋಗಿದ್ದಾಗ, ಲಿಂಗಸುಗೂರಿನಲ್ಲಿ ನನ್ನ ಮುಂದೆ ಕೂತು ಕಲಿತ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಯೋಗಶಾಲೆಗೆ ಕರೆದಳು. ಕಿಪ್ ಉಪಕರಣದ ಸುತ್ತ ಆ ದಿನ ನಿಂತವರಲ್ಲಿ ಅವಳೂ ಒಬ್ಬಳು. ಈಗ ಅವಳ ತಲೆಯಲ್ಲೂ ನರೆ ಇಣುಕಿದೆ. ಅವಳು ತೋರಿಸಿದ ವಸ್ತುವಿನ ಹೆಸರು ನ್ಯಾನೋಜೈಮ್. ಕಿಣ್ವದ ಕೆಲಸ ಮಾಡುವ, ಆದರೆ ಕಿಣ್ವವಲ್ಲದ, ಅತಿಸೂಕ್ಷ್ಮ ಕಣಗಳು.

ಕಿಣ್ವವೆಂಬ ಮಾತು ನಮ್ಮಲ್ಲಿ ಹಳೆಯದು. ಮದ್ಯ ಹುಳಿಯಲೆಂದು ಹಾಕುವ ಹೆಪ್ಪಿಗೆ ಸಂಸ್ಕೃತದಲ್ಲಿ ಆ ಹೆಸರು. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಕ್ಯೂನೆ ‘ಎನ್‌ಜೈಮ್’ ಎಂಬ ಪದವನ್ನು ಕಟ್ಟಿದಾಗ ಗ್ರೀಕಿನಲ್ಲಿ ಅದಕ್ಕೆ ‘ಹುದುಗಿನೊಳಗಿನದು’ ಎಂದೇ ಅರ್ಥ. ಪದ ಹುಡುಕಿದ ನಮ್ಮ ಹಿರಿಯರು ಅಂದಾಜಿನಲ್ಲಿ ಎಡವಲಿಲ್ಲ. ಕಿಣ್ವವೆಂದರೆ ಪ್ರೋಟೀನು ಎಂದು ತೋರಿಸಿದವನು ಅಮೆರಿಕದ ಜೇಮ್ಸ್ ಸಮ್ನರ್. ಎಡಚನಾಗಿದ್ದ ಅವನು ಹುಡುಗನಾಗಿದ್ದಾಗ ಬೇಟೆಯಲ್ಲಿ ಗುಂಡು ತಗುಲಿ ಎಡಗೈಯನ್ನೇ ಕಳೆದುಕೊಂಡವನು. ಒಂದೇ ಕೈಯಲ್ಲಿ ದುಡಿದು 1926ರಲ್ಲಿ ಒಂದು ಜಾತಿಯ ಅವರೆಯಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳಾಗಿ ತೆಗೆದ; ಜಗತ್ತು ಒಪ್ಪಿ ನೊಬೆಲ್ ಕೊಡಲು 1946 ಆಯಿತು. ಈ ಯೂರಿಯೇಸಿಗೆ ಪಾದರಸ ಕಂಡರಾಗದು. ಪ್ರೋಟೀನಿನಲ್ಲಿರುವ ಗಂಧಕದ ಕೈಗಳನ್ನು ಪಾದರಸ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಕಿಣ್ವ ಸ್ತಬ್ಧವಾಗುತ್ತದೆ. ಭಾರಲೋಹಗಳು ನಮಗೆ ವಿಷವಾಗಿರುವುದಕ್ಕೆ ಒಂದು ಮುಖ್ಯ ಕಾರಣವೇ ಇದು.

ಹಾಗಾದರೆ ಕಿಣ್ವವನ್ನೇ ಕಾವಲಿಗಿಡಬಾರದೆ? ಇಡಬಹುದು. ಪ್ರಯೋಗಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ತೆಗೆಯುವುದು ಕುದುರೆಮೂಲಂಗಿಯ ಬೇರಿನಿಂದ. ಆ ಗಿಡ ಯೂರೋಪಿನದು. (ಅದರ ಖಾರಕ್ಕೆ ಹಾತೊರೆದ ಇಂಗ್ಲಿಷರು ಇಲ್ಲಿ ನಮ್ಮ ನುಗ್ಗೆಯ ಬೇರನ್ನು ಅರೆದು ತಿಂದು, ನುಗ್ಗೆಗೇ ‘ಕುದುರೆಮೂಲಂಗಿಯ ಮರ’ ಎಂದು ಹೆಸರಿಟ್ಟರು!) ಈ ಕಿಣ್ವ ಹೈಡ್ರೋಜನ್ ಪೆರಾಕ್ಸೈಡಿನ ಸಹಾಯದಿಂದ ಟೆಟ್ರಾಮೀಥೈಲ್ ಬೆಂಜಿಡಿನ್ ಎಂಬ ಬಣ್ಣವಿಲ್ಲದ ವಸ್ತುವನ್ನು ಚಂದದ ನೀಲಿಯಾಗಿಸುತ್ತದೆ. ಆದರೆ ಪ್ರೋಟೀನು ಸುಕುಮಾರಿ. ಬಿಸಿಲಿಗೆ ಬಾಡುತ್ತದೆ, ಶೀತಪೆಟ್ಟಿಗೆಯಲ್ಲಿಟ್ಟು ಸಾಕಬೇಕು. ರಾಯಚೂರಿನ ಏಪ್ರಿಲ್ ತಿಂಗಳು ಅದಕ್ಕೆ ಸೇರದು.

2004ರಲ್ಲಿ ಇಟಲಿಯ ಸಂಶೋಧಕರು ತಾವು ಮಾಡಿದ ಚಿನ್ನದ ಕಣಗಳಿಗೆ ‘ನ್ಯಾನೋಜೈಮ್’ ಎಂದು ಹೆಸರು ಕೊಟ್ಟರು. ನಿಜವಾದ ಅಚ್ಚರಿ ಬಂದುದು 2007ರಲ್ಲಿ, ಬೀಜಿಂಗಿನಿಂದ. ಯಾನ್ ಶಿಯುನ್ ಎಂಬ ವಿದುಷಿಯೂ ಅವರ ಸಂಗಡಿಗರೂ ಹಿಡಿದದ್ದು ಚಿನ್ನವನ್ನಲ್ಲ, ಬರಿಯ ಅಯಸ್ಕಾಂತದ ಅದಿರನ್ನು. ಮ್ಯಾಗ್ನೆಟೈಟ್, ಕಬ್ಬಿಣದ ಆಕ್ಸೈಡು. ಅದರ ಸೂಕ್ಷ್ಮಕಣಗಳನ್ನು ಜಡವೆಂದು ಭಾವಿಸಿ, ಕೆಲಸ ಮಾಡಬಲ್ಲ ಕಿಣ್ವಗಳನ್ನು ಅವುಗಳ ಮೈಗೆ ಅಂಟಿಸಿ ಬಳಸುವುದು ವಾಡಿಕೆಯಾಗಿತ್ತು. ಆ ಜಡಕಣವೇ ಕುದುರೆಮೂಲಂಗಿಯ ಕಿಣ್ವದಂತೆ ನೀಲಿ ಬಣ್ಣ ತರುತ್ತದೆಂದು ಇವರು ತೋರಿಸಿದರು. ಕುದುರೆಯೆಂದು ಸವಾರನನ್ನು ಕೂರಿಸಿದ್ದರು. ಕುದುರೆಯೇ ಸವಾರಿ ಬಲ್ಲುದಾಗಿತ್ತು. ಕಣ ಚಿಕ್ಕದಾದಷ್ಟೂ ಚುರುಕು ಹೆಚ್ಚು, ಏಕೆಂದರೆ ಕೆಲಸವೆಲ್ಲ ನಡೆಯುವುದು ಮೈಮೇಲೆ. ಹಳೆಯ ರಸಾಯನಜ್ಞರು ಇದನ್ನು ಕೇಳಿ ನಕ್ಕಾರು: ಕಬ್ಬಿಣವೂ ಪೆರಾಕ್ಸೈಡೂ ಕೂಡಿದರೆ ಹುರುಪಿನ ಕ್ರಿಯೆ ನಡೆಯುವುದನ್ನು ಫೆಂಟನ್ 1894ರಲ್ಲೇ ಹೇಳಿದ್ದನಲ್ಲ, ಹಳೆಯ ವೇಗವರ್ಧಕಕ್ಕೆ ಹೊಸ ನಾಮಕರಣವೇ ಇದು, ಎಂದು. ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನಾಮಕರಣವಾದ ಮೇಲೆ ಮಗುವನ್ನು ಹತ್ತು ಮಂದಿ ಎತ್ತಿ ಆಡಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಜಿ. ಮುಗೇಶ್ ಅವರೂ ಸಂಗಡಿಗರೂ 2014ರಲ್ಲಿ ವನೇಡಿಯಂ ಪೆಂಟಾಕ್ಸೈಡಿನ ಸೂಕ್ಷ್ಮ ತಂತಿಗಳು ಜೀವಕೋಶದೊಳಗಿನ ಒಂದು ರಕ್ಷಕ ಕಿಣ್ವದ ಪಾತ್ರವನ್ನು ವಹಿಸಬಲ್ಲುವೆಂದು ತೋರಿಸಿದರು.

ನನ್ನ ವಿದ್ಯಾರ್ಥಿನಿ ಮೊದಲು ತೋರಿಸಿದ್ದು ಪಾದರಸದ ಪರೀಕ್ಷೆ. ಎರಡು ಪುಟ್ಟ ಪ್ರನಾಳಗಳಲ್ಲಿ ಪ್ಲಾಟಿನಂ ಕಣಗಳ ದ್ರಾವಣ. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಪಾದರಸದ ಲವಣ ಬೆರೆತ ನೀರು. ಪೆರಾಕ್ಸೈಡನ್ನೂ ಬಣ್ಣದ ಮೂಲವಸ್ತುವನ್ನೂ ಹನಿಸಿದಳು. ಮೊದಲನೆಯದು ಕೆಲವೇ ನಿಮಿಷಗಳಲ್ಲಿ ಆಷಾಢದ ಮೋಡ ಸರಿದ ಆಕಾಶದಂತೆ ನೀಲಿಯಾಯಿತು. ಎರಡನೆಯದು ಹಾಗೆಯೇ ಉಳಿಯಿತು. ಕರಗಿದ ಪಾದರಸ ಪ್ಲಾಟಿನಮಿನ ಮೈಮೇಲೆ ಲೋಹವಾಗಿ ಕುಳಿತು ಕೆಲಸದ ಜಾಗವನ್ನೆಲ್ಲ ಮುಚ್ಚಿಬಿಡುತ್ತದೆ. ನಿಜವಾದ ಕಿಣ್ವವನ್ನು ಕೊಲ್ಲುವ ವಿಷ ಹುಸಿಕಿಣ್ವವನ್ನೂ ಕೊಲ್ಲುತ್ತದೆ, ಬೇರೆ ದಾರಿಯಿಂದ. “ಚಿನ್ನದ ಕಣ ತಗೊಂಡ್ರೆ ಉಲ್ಟಾ ಸರ್,” ಎಂದಳು. ಚಿನ್ನ ತಾನಾಗಿ ಮಂದ. ಪಾದರಸ ಬಂದು ಅದರ ಮೇಲೆ ಕುಳಿತರೆ ಚುರುಕಾಗಿ ನೀಲಿ ಹೆಚ್ಚುತ್ತದೆ. ಒಂದೇ ವಿಷ ಒಂದರ ದೀಪವನ್ನು ಆರಿಸುತ್ತದೆ, ಇನ್ನೊಂದರದನ್ನು ಹೊತ್ತಿಸುತ್ತದೆ.

ನನಗೆ ಮಿನಮಾಟ ನೆನಪಾಯಿತು. ಜಪಾನಿನ ಆ ಕಡಲತಡಿಯ ಊರಿನಲ್ಲಿ ಮೊದಲು ಹುಚ್ಚುಹಿಡಿದಂತೆ ಕುಣಿದು ಸತ್ತವು ಬೆಕ್ಕುಗಳು. ಆಮೇಲೆ ಬೆಸ್ತರ ಮಕ್ಕಳು ನಡೆಯಲಾರದೆ, ಮಾತನಾಡಲಾರದೆ ಮಲಗಿದರು. ಚಿಸ್ಸೋ ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವ ಹಾಜಿಮೆ 1956ರ ಮೇ 1ರಂದು ಈ ಅಪರಿಚಿತ ರೋಗದ ಸುದ್ದಿಯನ್ನು ಸರ್ಕಾರಕ್ಕೆ ಮುಟ್ಟಿಸಿದರು. 1959ರಲ್ಲಿ ಕಾರ್ಖಾನೆಯ ಕೊಳಚೆಯನ್ನೇ 400ನೆಯ ಸಂಖ್ಯೆಯ ಬೆಕ್ಕಿಗೆ ಉಣಿಸಿ ನೋಡಿದರು. ಬೆಕ್ಕಿಗೆ ಅದೇ ರೋಗ ಬಂತು. ಕಾರ್ಖಾನೆ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಕಾರಣವನ್ನು ಸರ್ಕಾರ ಅಧಿಕೃತವಾಗಿ ಒಪ್ಪಿದ್ದು 1968ರಲ್ಲಿ. ಅಲ್ಲಿ ಇಂಥ ಪುಟ್ಟ ಪ್ರನಾಳವೊಂದು ಬೆಸ್ತರ ಕೈಯಲ್ಲಿದ್ದರೆ? ಕೇಳಿದೆ. ಅವಳು ತಲೆಯಾಡಿಸಿದಳು. ಅಲ್ಲಿಯ ವಿಷ ಮೀಥೈಲ್ ಪಾದರಸ. ಅದು ಮನುಷ್ಯರನ್ನು ಮುಟ್ಟಿದ್ದು ನೀರಿನಿಂದಲ್ಲ, ಮೀನಿನಿಂದ. ಈ ಪ್ರನಾಳ ಬಲ್ಲದ್ದು ಬೇರೆ ರೂಪದ ಪಾದರಸವನ್ನು. ಕಡಲ ನೀರಿನ ಉಪ್ಪೇ ಪರೀಕ್ಷೆಯನ್ನು ಕೆಡಿಸಲೂಬಹುದು. ಹೀಗೆ ತನ್ನ ಆಯುಧದ ಮೊಂಡುತನವನ್ನು ತಾನೇ ಮೊದಲು ಹೇಳಿದಳೆಂದು ನನಗೆ ಅವಳ ಮೇಲೆ ಗೌರವ ಹೆಚ್ಚಿತು.

ಆದರೂ ನಾನು ಮೇಷ್ಟ್ರಲ್ಲವೆ, ಒಂದು ಪ್ರಶ್ನೆ ಹಾಕಿದೆ: ಪೆರಾಕ್ಸೈಡು ಹಳತಾಗಿ ಸತ್ತಿದ್ದರೆ? ಪೆರಾಕ್ಸೈಡು ನಮ್ಮ ಬಿಸಿಲಿನಲ್ಲಿ ಎಷ್ಟು ದಿನ ಬಾಳೀತು? ಈ ಪ್ರಶ್ನೆ ಮೇಲೆ ಕಾಣುವಷ್ಟು ಚಿಕ್ಕದಲ್ಲ. ಪ್ಲಾಟಿನಮಿನ ಪರೀಕ್ಷೆಯಲ್ಲಿ ವಿಷವಿದ್ದರೆ ನೀಲಿ ಇಲ್ಲ. ಸಾಮಗ್ರಿ ಕೆಟ್ಟಿದ್ದರೂ ನೀಲಿ ಇಲ್ಲ. ಆಗ ಒಳ್ಳೆಯ ನೀರನ್ನು ವಿಷವೆಂದು ಭ್ರಮಿಸಿ ಜನ ಹೆದರುತ್ತಾರೆ, ಹೆದರಿ ಬದುಕುತ್ತಾರೆ. ಚಿನ್ನದ ಪರೀಕ್ಷೆಯಲ್ಲಿ ವಿಷವಿದ್ದರೆ ನೀಲಿ; ಸಾಮಗ್ರಿ ಕೆಟ್ಟಿದ್ದರೆ ವಿಷವಿದ್ದರೂ ನೀಲಿ ಇಲ್ಲ. ಆಗ ಜನ ಧೈರ್ಯವಾಗಿ ಕುಡಿಯುತ್ತಾರೆ. ವಿಷಕ್ಕೆ ದೀಪ ಹೊತ್ತುವ ಪರೀಕ್ಷೆ ಕಣ್ಣಿಗೆ ಹೆಚ್ಚು ಸೊಗಸು; ಆದರೆ ಅದು ತಪ್ಪಿದರೆ ನಾನು 1994ರಲ್ಲಿ ತಪ್ಪಿದಂತೆ ತಪ್ಪುತ್ತದೆ. ಅವಳು ಸುಮ್ಮನೆ ನಕ್ಕು, ಯಾವ ಪೆಟ್ಟಿಗೆಯಲ್ಲೂ ಮೂರು ಪ್ರನಾಳಗಳಿರಬೇಕೆಂದು ತನ್ನ ವಿದ್ಯಾರ್ಥಿಗಳಿಗೆ ಹೇಳುವುದಾಗಿ ತಿಳಿಸಿದಳು: ಒಂದು ಪರೀಕ್ಷೆಯ ನೀರಿಗೆ, ಒಂದು ನಿರ್ಮಲವೆಂದು ಗೊತ್ತಿರುವ ನೀರಿಗೆ, ಒಂದು ವಿಷವಿದೆಯೆಂದು ಗೊತ್ತಿರುವ ನೀರಿಗೆ. ಕೊನೆಯ ಎರಡು ಸರಿಯಾಗಿ ನಡೆದುಕೊಳ್ಳದಿದ್ದರೆ ಮೊದಲನೆಯದರ ಮಾತನ್ನು ಕೇಳಕೂಡದು. ಇದು ನನ್ನಿಂದ ಕಲಿತದ್ದಲ್ಲವೆಂಬುದು ಸ್ಪಷ್ಟ.

ನಾನು ಚೀಲದಿಂದ ಸೀಸೆಯನ್ನು ತೆಗೆದೆ. ಜವಾನನಾಗಿದ್ದವನು ಈಗ ನಿವೃತ್ತಿಯ ಅಂಚಿನಲ್ಲಿದ್ದಾನೆ. ಮಗಳನ್ನು ನೋಡಲು ಬೆಂಗಳೂರಿಗೆ ಬಂದಾಗ ನಾನು ಬೇಡಿದ್ದರಿಂದ ತಮ್ಮ ಈಗಿನ ಬೋರಿನ ನೀರನ್ನು ತಂದುಕೊಟ್ಟಿದ್ದ. ಅವಳು ಮಾತನಾಡದೆ ತೆಗೆದುಕೊಂಡಳು. ಪಾಷಾಣಕ್ಕೆ ಬೇರೆ ಕಣ: ಕಬ್ಬಿಣದ ಆಕ್ಸಿಹೈಡ್ರಾಕ್ಸೈಡಿನ, ಎಂದರೆ ತುಕ್ಕಿನ ಸೋದರಸಂಬಂಧಿಯ, ಸೂಕ್ಷ್ಮ ಕಡ್ಡಿಗಳು. ನೀರಿನಲ್ಲಿ ಆರ್ಸೆನೇಟ್ ಇದ್ದರೆ ಅದು ಈ ಕಡ್ಡಿಗಳಿಗೆ ಅಂಟಿಕೊಂಡು ನೀಲಿಯನ್ನು ತಡೆಯುತ್ತದೆ. ಮೂರು ಪ್ರನಾಳಗಳನ್ನಿಟ್ಟಳು. ನಿರ್ಮಲ ನೀರಿನದು ಚೆನ್ನಾಗಿ ನೀಲಿಯಾಯಿತು. ವಿಷದ್ದು ಬಹಳ ಮಂಕಾಗಿ ಉಳಿಯಿತು. ನನ್ನದು ಇವೆರಡರ ನಡುವೆ, ತೊಳೆದ ಹಳೆಯ ಸೀರೆಯ ನೀಲಿಯಂತೆ, ನಿಂತಿತು. ನಾನು ಅವಳ ಮುಖ ನೋಡಿದೆ.

“ಹೇಳಕ್ಕಾಗಲ್ಲ ಸರ್,” ಎಂದಳು. ಬೋರಿನ ಸುತ್ತ ಹೊಲಗಳಿದ್ದರೆ ಗೊಬ್ಬರದ ಫಾಸ್ಫೇಟ್ ಇಳಿದಿರಬಹುದು. ಫಾಸ್ಫೇಟ್ ರೂಪದಲ್ಲಿ ಆರ್ಸೆನೇಟಿನ ಅವಳಿ, ಕಬ್ಬಿಣದ ಕಡ್ಡಿಗೆ ಅದೂ ಅಷ್ಟೇ ಪ್ರೀತಿಯಿಂದ ಅಂಟುತ್ತದೆ. ಇಲ್ಲವೇ ನಿಜವಾಗಿ ಪಾಷಾಣವೇ ಇರಬಹುದು. ಅಥವಾ ಪಾಷಾಣದ ಒಂದು ಭಾಗ ಆರ್ಸೆನೈಟ್ ರೂಪದಲ್ಲಿದ್ದು ಕಡ್ಡಿಗೆ ಸರಿಯಾಗಿ ಸಿಕ್ಕದೆ, ಇರುವುದಕ್ಕಿಂತ ಕಡಿಮೆಯೆಂದು ತೋರುತ್ತಿರಬಹುದು. ಪ್ರನಾಳ ಮಾಡಬಲ್ಲದ್ದು ಇಷ್ಟೆ: ನೂರು ಬೋರುಗಳಲ್ಲಿ ಯಾವ ಇಪ್ಪತ್ತರ ನೀರನ್ನು ದೊಡ್ಡ ಯಂತ್ರಕ್ಕೆ ಒಯ್ಯಬೇಕೆಂದು ತೋರಿಸುವುದು. ಇದನ್ನು ಒಯ್ಯಬೇಕು.

ಸೀಸೆಗೆ ಚೀಟಿ ಅಂಟಿಸಿ, ಊರು, ತಾರೀಖು ಬರೆದಳು. “ಬೋರು ಎಷ್ಟು ಆಳ ಸರ್?” ಎಂದು ಕೇಳಿದಳು. ನನಗೆ ತಿಳಿಯದು. ಅಲ್ಲಿಂದಲೇ ಜವಾನನಿಗೆ ಫೋನು ಮಾಡಿದೆ. ಇನ್ನೂರ ಎಂಬತ್ತು ಅಡಿ, ಎಂದ. ಚೀಟಿಯ ಮೇಲೆ ಅವಳು ಅದನ್ನೂ ಬರೆದಳು. ಆ ಕಡೆಯಿಂದ ಅವನು ಫೋನು ಇಡದೆ ಒಂದು ಕ್ಷಣ ತಡೆದು ಕೇಳಿದ: “ನೀರು ಚಲೋ ಅದಾವೇನ್ರಿ ಸರ?”

“ಇನ್ನೂ ಗೊತ್ತಾಗಿಲ್ಲಪ್ಪ,” ಎಂದೆ. “ಗೊತ್ತಾಗೋತನಕ ಆ ನೀರು ಕುಡಿಯೋದು ಬ್ಯಾಡ.”